ಸ್ವಿಚ್ಚಿನ ಮೇಲಿನ ಟೇಪು

ಮಾರ್ಚ್ ಹನ್ನೊಂದು, ಮಂಗಳವಾರ. ಹಗಲೆಲ್ಲ ಧಗೆ. ರಾತ್ರಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಹತ್ತೂವರೆಗೆ ಅವನು ಲ್ಯಾಬಿನಿಂದ ಮನೆಗೆ ನಡೆದು ಹೊರಟ. ದಾರಿಯಲ್ಲಿ ಒಂದು ಪಾಳುಬಾವಿ. ವಾರದಿಂದ ಅದರ ಕಡೆ ನೋಡದೆ ದಾಟುತ್ತಿದ್ದ. ಜೇಬಿನಲ್ಲಿ ಅವರ ಲ್ಯಾಬಿನಲ್ಲೇ ತಯಾರಿಸಿದ ಸೆನ್ಸರು, ಅಂಗಿಯ ಗುಂಡಿಯಷ್ಟು. ಗಾಜಿನ ಚೂರಿನ ಮೇಲೆ ಸತುವಿನ ಆಕ್ಸೈಡನ್ನು ಹುಲ್ಲಿನಂತೆ ಬೆಳೆಸುತ್ತಾರೆ. ಕೂದಲನ್ನು ಸಾವಿರ ಸೀಳು ಮಾಡಿದಷ್ಟು ಸಣ್ಣ ತಂತಿಗಳು. ಅತಿನೇರಳೆ ಬೆಳಕು ಬಿದ್ದರೆ ಸೆನ್ಸರು ಕೂಗುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು. ರಾತ್ರಿ ಹೊತ್ತು ಬಯಲಲ್ಲಿ ಇರುವುದೂ ಇಲ್ಲ.

ಬಾವಿ ಹತ್ತು ಹೆಜ್ಜೆ ದೂರ ಇರುವಾಗ... ಪೀಂ.

ನಿಂತ. ಇನ್ನೊಂದು ಹೆಜ್ಜೆ ಇಟ್ಟ. ಪೀಂ... ಪೀಂ.

ಸುಟ್ಟ ಚರ್ಮದ ನಾತ ಮೂಗಿಗೆ ಬಡಿಯಿತು. ಬಾವಿಯೊಳಗಿಂದ ಒದ್ದೆ ಬಟ್ಟೆ ಕಲ್ಲಿಗೆ ಉಜ್ಜುವ ಸದ್ದು. ಪರ... ಪರ...

“ಸಾರ್... ದೀಪ ಆರಿದೆಯಾ?”

ಕುಲುಮೆಯ ದನಿ. ಲ್ಯಾಬಿನ ಕುಲುಮೆ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ನಾಲ್ಕನೇ ತಾರೀಖೂ ಇದೇ ಮಾತು ಕೇಳಿದ್ದ. ಸೆನ್ಸರು ಪರೀಕ್ಷಿಸುವ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗಿನ ಅತಿನೇರಳೆ ದೀಪ ತಾನೇ ಆರಬೇಕು. ಮತ್ತೆ ಹತ್ತಿ ಸರಿಹೋಗಲು ಹತ್ತು ನಿಮಿಷ. ನಲವತ್ತು ಸೆನ್ಸರು ಬಾಕಿ, ಮರುದಿನ ಕೊಳ್ಳುವವರು ಬರುವವರಿದ್ದರು. ದೀಪ ಆರದಿರಲೆಂದು ಇವನು ಮುಚ್ಚಳದ ಸ್ವಿಚ್ಚನ್ನು ಟೇಪು ಅಂಟಿಸಿ ಒತ್ತಿಟ್ಟಿದ್ದ. ಹತ್ತಿದ್ದರೂ ಕಪ್ಪಗೇ ಕಾಣುವ ದೀಪ ಅದು.

“ಆರಿದೆ ಕಣಯ್ಯ. ಮೂಗು ತೂರಿಸಬೇಡ, ಕೈ ತೂರಿಸು” ಎಂದು ನಕ್ಕಿದ್ದ.

ಸಂಜೆಗೆ ಕುಲುಮೆಯ ರೆಪ್ಪೆ ಊದಿ, ಅಂಟಿಕೊಂಡು, ಹಳದಿ ರಸಿಗೆ ಸುರಿಯುತ್ತಿತ್ತು. ಕೈಯ ಚರ್ಮ ಕಾಲುಚೀಲದಂತೆ ಸುಲಿದಿತ್ತು. ಪಾಳಿ ಮುಗಿಯುವ ಮೊದಲೇ ಗೋಡೆ ತಡವಿಕೊಂಡು ಮನೆಗೆ ಹೊರಟವನು ಈ ಬಾವಿಗೆ ಬಿದ್ದು ಸತ್ತ. ಇವನು ಟೇಪು ಕಿತ್ತೆಸೆದು, ‘ಕನ್ನಡಕ ಹಾಕಿರಲಿಲ್ಲ, ಅವನದೇ ತಪ್ಪು’ ಎಂದು ವರದಿ ಬರೆದುಕೊಟ್ಟ.

“ಸಾರ್... ಆರಿದೆಯಾ?”

“ಆರಿದೆ” ಎಂದ ಇವನು. ನೋಡಿ, ಅಲ್ಲೂ ಸುಳ್ಳು! ಸೆನ್ಸರು ಒಂದೇ ಸಮನೆ ಪೀಂ ಎನ್ನತೊಡಗಿತು. ಓಡಿದ.

ಬೆಳಗ್ಗೆ ಬಾವಿಯ ಕಡೆಗಿದ್ದ ಬಲಗೈ ಬೆಂದು ಬೊಬ್ಬೆ ಎದ್ದಿತ್ತು. ಜೇಬಿಗೆ ಕೈ ಹಾಕಿದರೆ ಸೆನ್ಸರಿಗೊಂದು ಟೇಪಿನ ತುಂಡು ಅಂಟಿದೆ. ಅದಕ್ಕೆ ಚರ್ಮದ ಪೊರೆ, ಎರಡು ರೆಪ್ಪೆಗೂದಲು. ಇನ್ನೂ ಹಸಿ... ನಾನೇ ಕಣ್ಣಾರೆ ನೋಡಿದ್ದೇನೆ, ಸುಳ್ಳು ಹೇಳಿ ನನಗೇನಾಗಬೇಕು?

ಕತೆ ಕೇಳುತ್ತಿದ್ದ ಅತ್ತಿಗೆ ಪಿಸುಗುಟ್ಟಿದಳು. “ಆಮೇಲಾದರೂ ನಿಜ ಬರೆದುಕೊಟ್ಟನಾ?”

“ಥೂ, ಎಲ್ಲಿ ಬಂತು! ಟೇಪನ್ನು ಒಲೆಗೆ ಹಾಕಿದ. ಕೈಗೆ ಮುಲಾಮು ಬಳಿದುಕೊಂಡು ಕೆಲಸಕ್ಕೆ ಹೋದ.”

“ಕುಲುಮೆಯ ಹೆಂಡತಿಗೆ ಏನು ಕೊಟ್ಟರು?”

“ಆ ತಿಂಗಳ ಮೂರೂವರೆ ದಿನದ ಸಂಬಳ. ನಾಲ್ಕನೇ ತಾರೀಖು ಬೇಗ ಹೊರಟನಲ್ಲ... ಅರ್ಧ ದಿನ ಹಿಡಿದುಕೊಂಡರು.”