ಮಂಜಣ್ಣನ ಹಾರ್ನು

ಆ ಲೈಟು ಒಂದು ಆರಿಸಿ... ಸಾಕು. ಇದು ನನ್ನ ದೊಡ್ಡಮ್ಮನ ಮಗ ಅನೂಪನಿಗೆ ಆದದ್ದು. ಎಲ್ಲೋ ಓದಿದ್ದಲ್ಲ, ಕಟ್ಟಿದ್ದೂ ಅಲ್ಲ. ಬೇಕಾದರೆ ಹಟ್ಟಿಯಂಗಡಿ ಊರಿಗೆ ಹೋಗಿ ಅವನನ್ನೇ ಕೇಳಿ. ಹೇಳುವುದಿಲ್ಲ ಅವನು, ಅದು ಬೇರೆ ಮಾತು.

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರ. ರಾತ್ರಿ ಎಂಟಾಗಿತ್ತೋ ಏನೋ. ಅನೂಪ ನಡೆದುಕೊಂಡು ಮನೆಗೆ ಹೊರಟಿದ್ದ. ಅವನು ಮೀನು ಮಾರುವ ಹಳೇ ಆಲ್ಟೊ ಕಾರು ಬ್ಯಾಟರಿ ಇಳಿದು ಏರಿನ ಕೆಳಗೆ ನಿಂತುಬಿಟ್ಟಿತ್ತು. ಕೀ ತೆಗೆದು ಕಿಸೆಗೆ ಹಾಕಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ, ಅದರಲ್ಲಿ ರಾತ್ರಿ ಸಾರಿಗೆಂದು ಇಟ್ಟುಕೊಂಡ ಎರಡು ಬಂಗಡೆ ಮೀನು. ದಾರಿ ಒಂದು ಹಾಳು ಬಾವಿಯ ಪಕ್ಕದಲ್ಲಿ ತಿರುಗುತ್ತದೆ. ಕೆಂಪು ಕಲ್ಲಿನ ಕಟ್ಟೆ. ರಾಟೆ ಇಲ್ಲ, ಹಗ್ಗ ಇಲ್ಲ. ಸುತ್ತ ಮನೆ ಅಂತ ಒಂದೂ ಇಲ್ಲ. ಇವನ ಚಪ್ಪಲಿಯ ಚಟ್ ಚಟ್ ಬಿಟ್ಟರೆ ಬೇರೆ ಸದ್ದಿರಲಿಲ್ಲ...

ಆಗ ಹಿಂದಿನಿಂದ ಕೇಳಿತು.

ಮೊದಲು ಗುರ್ರ್... ಗಾಳಿ ತುಂಬುವ ಸದ್ದು. ಆಮೇಲೆ ಪೋಂ. ಒಂದೇ ಒಂದು, ಗಿಡ್ಡದ್ದು.

ಅವನದೇ ಕಾರು. ಅವತ್ತು ಬೆಳಿಗ್ಗೆಯಷ್ಟೇ ಹಾಕಿಸಿದ ಏರ್ ಹಾರ್ನು. ಬ್ಯಾಟರಿಯಲ್ಲಿ ಒಂದು ಸಣ್ಣ ಬಲ್ಬು ಉರಿಸುವಷ್ಟೂ ಕಸುವಿರಲಿಲ್ಲ, ಕೀ ನೋಡಿದರೆ ಇವನ ಕಿಸೆಯಲ್ಲಿ.

ನಿಂತ. ಹಿಂದೆ ತಿರುಗಲಿಲ್ಲ. ಬಾವಿ ಕಟ್ಟೆಯ ಹತ್ತಿರದಿಂದ ಒಂದು ಹೆಂಗಸಿನ ದನಿ... ಪಿಸುಗುಟ್ಟಿದ ಹಾಗೆ.

“ಇಷ್ಟ್ ತಡ ಎಂತಕೆ ಮಗಾ?”

ವಯಸ್ಸಾದ ಹೆಂಗಸು. ಮುಖ ಸರಿಯಾಗಿ ಕಾಣಿಸಲಿಲ್ಲ. ಕೈಯಲ್ಲಿದ್ದ ಬಟ್ಟಲನ್ನು ಮುಂದೆ ಮಾಡಿದಳು. ಅನೂಪ ತೊಟ್ಟೆಯ ಬಂಗಡೆ ಎರಡನ್ನೂ ಅದಕ್ಕೆ ಹಾಕಿದ. ಟಪ್... ಟಪ್.

“ಉಂಡ್ಯಾ?”

“ಇಲ್ಲೆ ಅಮ್ಮಾ.”

“ಉಣ್ಕ್ ಮಗಾ. ಹೊತ್ತಿಗ್ ಸರಿಯಾಯ್ ಉಣ್ಕ್.”

ಅಷ್ಟೇ. ಅನೂಪ ಓಡಲಿಲ್ಲ. ಓಡಬೇಕಿತ್ತು. ನಾನಾಗಿದ್ದರೆ ಉಟ್ಟ ಲುಂಗಿ ಅಲ್ಲೇ ಬಿಟ್ಟು ಓಡುತ್ತಿದ್ದೆ. ಅವನು ನಿಧಾನಕ್ಕೆ ಮನೆಗೆ ಬಂದ, ಬಾಗಿಲು ಹಾಕಿದ, ಗೋಡೆಗೆ ಒರಗಿ ಕೂತು ಅತ್ತ. ಹೆದರಿಕೆಯಿಂದಲ್ಲ. ‘ಉಂಡ್ಯಾ’ ಅಂತ ಅವನನ್ನು ಒಬ್ಬರು ಕೇಳಿ ಮೂರು ವರ್ಷವಾಗಿತ್ತು.

ಹದಿನೆಂಟು ವರ್ಷ ಮುಂಬೈಯ ಕ್ಯಾಂಟೀನಿನಲ್ಲಿ ದುಡಿದವನು ಅವನು. ಮದುವೆ ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ಅಂತ ನಲವತ್ತೊಂದಾಯಿತು. ತಾಯಿ ತೀರಿಕೊಂಡ ಮೇಲೆ ಊರಿಗೆ ಬಂದ. ಊರಿನಲ್ಲಿ ಅವನ ಪ್ರಾಯದವರಿಗೆಲ್ಲ ಸಂಸಾರ. ಇವನ ಹತ್ತಿರ ನಿಂತು ಎರಡು ಮಾತಾಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಳೇ ಆಲ್ಟೊ ತಗೊಂಡು, ಹಿಂದಿನ ಸೀಟು ಕಿತ್ತು ಐಸಿನ ಪೆಟ್ಟಿಗೆ ಇಟ್ಟ. ಗಂಗೊಳ್ಳಿ ಬಂದರಿನಿಂದ ಮಧ್ಯಾಹ್ನದ ದೋಣಿ ಮೀನು ತಂದು ಸಂಜೆ ಮನೆಮನೆಗೆ ಮಾರಲು ಹೊರಟ.

ಯಾರೂ ಹೊರಗೆ ಬರಲಿಲ್ಲ.

ನಮ್ಮ ಬದಿಯಲ್ಲಿ ಮೀನಿನವನಿಗೆ ಮುಖ ಬೇಡ, ಹಾರ್ನು ಬೇಕು. ಅಡುಗೆಮನೆಯಲ್ಲಿರುವ ಹೆಂಗಸರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ ಯಾರ ಗಾಡಿ ಅಂತ. ಅವರಿಗಿಂತ ಮೊದಲು ಬೆಕ್ಕಿಗೆ ಗೊತ್ತಾಗುತ್ತದೆ. ಅನೂಪನ ಕಾರಿನ ಕಂಪೆನಿ ಹಾರ್ನು ‘ಪೀಂ’ ಅನ್ನುತ್ತಿತ್ತು, ಶಾಲೆ ಮಕ್ಕಳ ರಿಕ್ಷಾದ ಹಾಗೆ. ಆ ದಾರಿಯಲ್ಲಿ ಇಪ್ಪತ್ತೆರಡು ವರ್ಷ ಸಂಜೆ ಮೀನು ಮಾರಿದವನು ಮಂಜಣ್ಣ. ಅವನ ಓಮ್ನಿಯ ಜೋಡಿ ಏರ್ ಹಾರ್ನು ‘ಪೋಂ...ಪಾಂ’ ಅಂದರೆ ಎರಡು ಗದ್ದೆಬೈಲು ಆಚೆಗೆ ಕೇಳುತ್ತಿತ್ತು. ಆ ಮಂಜಣ್ಣ ಮಳೆ ಹಿಡಿಯುವ ಮೊದಲು ಒಂದು ದಿನ ಬಂದರಿನಲ್ಲಿ ದೋಣಿ ಕಾಯುತ್ತಾ ಕೂತವನು ಏಳಲೇ ಇಲ್ಲ. ಓಮ್ನಿ ಗುಜರಿಗೆ ಹೋಯಿತು. ಹಾರ್ನನ್ನು ಮಾತ್ರ ಅವನ ಹೆಂಡತಿ ಜಲಜಕ್ಕ ಬಿಚ್ಚಿಸಿ ಇಟ್ಟುಕೊಂಡಿದ್ದಳು. ಅನೂಪ ಹೋಗಿ ಕೇಳಿದಾಗ ಒಳಗಿನಿಂದ ತಂದು ಕೊಟ್ಟಳು.

“ತಕೊ ಮರಾಯಾ. ಮನ್ಯಗ್ ಇಟ್ಕಂಡ್ ನಾನ್ ಎಂತ ಊದ್ಲಾ?”

ಹಾಲಾಡಿ ಪೇಟೆಯ ರೋಷನ್ ಅದನ್ನು ಆಲ್ಟೊಗೆ ಕೂರಿಸಿದ. ಗಾಡಿ ವಯರಿಂಗಿನಲ್ಲಿ ಅವನದು ಎತ್ತಿದ ಕೈ. ಬಂಪರಿನ ಹಿಂದೆ ಎರಡು ಕೆಂಪು ತುತ್ತೂರಿ, ಒಂದು ಉದ್ದ, ಒಂದು ಗಿಡ್ಡ. ಪಕ್ಕದಲ್ಲಿ ಗಾಳಿ ಮೋಟರನ್ನು ನೆಟ್ಟಗೆ ನಿಲ್ಲಿಸಿದ. ಮಲಗಿಸಿದರೆ ಬೇಗ ಸುಟ್ಟುಹೋಗುತ್ತದಂತೆ. ಅಲ್ಲಿಂದ ತುತ್ತೂರಿಗೆ ಗಿಡ್ಡ ಪೈಪು. ಬ್ಯಾಟರಿಯಿಂದ ದಪ್ಪ ವಯರು ಎಳೆದು ನಡುವೆ ಫ್ಯೂಸು, ರಿಲೇ ಹಾಕಿದ. ಸ್ಟೇರಿಂಗಿನ ಬಟನ್ನು ಒತ್ತಿದರೆ ರಿಲೇ ‘ಟಿಕ್’ ಅನ್ನಬೇಕು, ಮೋಟರು ಗುರ್ರ್ ಅನ್ನಬೇಕು, ಆಮೇಲೆ ದನಿ.

“ಇಂಜಿನ್ ಬಂದ್ ಮಾಡ್ಕಂಡ್ ಊದ್ಬೇಡ, ಸಣ್ ಬ್ಯಾಟ್ರಿ ಇದ್,” ಅಂದ ರೋಷನ್. “ಹೈವೇಯಗಂತೂ ಊದ್ಲೇಬೇಡ. ಪೊಲೀಸ್ರ್ ಕಂಡ್ರೆ ಕಿತ್ಕಂಡ್ ಹೋತ್ರ್.”

ಆ ಸಂಜೆ ಅನೂಪ ಮೊದಲ ಮನೆಯ ಮುಂದೆ ನಿಲ್ಲಿಸಿ ಊದಿದ. ಪೋಂ...ಪಾಂ. ಬೆಕ್ಕುಗಳು ಬಂದವು. ಹಿಂದೆಯೇ ಹೆಂಗಸರು ಬಟ್ಟಲು ಹಿಡಿದು ಓಡಿಬಂದರು. ಮೋಕ್ಷಿತಾ ಅಂತ ಒಂದು ಪುಟ್ಟ ಹುಡುಗಿ “ಮಂಜಣ್ಣ ಬಂದ! ಮಂಜಣ್ಣ ಬಂದ!” ಅಂತ ಕೂಗುತ್ತಾ ಬಂದಳು. ಕಾರಿನೊಳಗೆ ಅನೂಪನ ಮುಖ ಕಂಡದ್ದೇ ಎಲ್ಲರೂ ಸುಮ್ಮನಾದರು... ಮೀನೇನೋ ತಗೊಂಡರು, ಪಾಪ. ಮಾತಾಡಲಿಲ್ಲ. ಪ್ರತಿ ಮನೆಯಲ್ಲೂ ಅದೇ. ಸತ್ತವನ ಅಂಗಿ ಹಾಕಿಕೊಂಡು ಅವನದೇ ಮನೆಗೆ ಊಟಕ್ಕೆ ಹೋದ ಹಾಗಾಯಿತು ಇವನಿಗೆ. ಆ ಬೇಜಾರಿನಲ್ಲಿ ರೋಷನ್ ಹೇಳಿದ್ದು ಮರೆತು ಎಲ್ಲ ಕಡೆ ಇಂಜಿನ್ ನಿಲ್ಲಿಸಿಯೇ ಊದಿದ. ಬ್ಯಾಟರಿ ಇಳಿಯಿತು. ಅದಕ್ಕೇ ಅವತ್ತು ಬಾವಿಯ ಪಕ್ಕ ನಡೆದುಕೊಂಡು ಹೋಗಬೇಕಾಗಿ ಬಂದದ್ದು.

ಮರುದಿನ ಸಂಜೆ ಕಾರಿನಲ್ಲೇ ಆ ತಿರುವಿಗೆ ಬಂದ. ಬಟನ್ನು ಮುಟ್ಟಲಿಲ್ಲ. ಟಿಕ್. ಗುರ್ರ್... ಪೋಂ. ತನ್ನಷ್ಟಕ್ಕೇ. ಅವಳು ಬಟ್ಟಲು ಹಿಡಿದು ಕಿಟಕಿಯ ಹತ್ತಿರ ಬಂದಳು. ಎರಡು ಬಂಗಡೆ. “ಉಂಡ್ಯಾ ಮಗಾ?”

ದಿನಾ ಹೀಗೇ. ಅನೂಪ ರೋಷನ್‌ನ ಹತ್ತಿರ ಹಾರ್ನಿನ ವಿಷಯ ಮಾತ್ರ ಹೇಳಿದ, ಅವಳ ವಿಷಯ ಬಾಯಿಬಿಡಲಿಲ್ಲ. ವಯರು ಎಲ್ಲಾದರೂ ತಗಡಿಗೆ ತಾಗುತ್ತದಾ ಅಂತ ರೋಷನ್ ಇಡೀ ಕಾರು ಜಾಲಾಡಿದ. ರಿಲೇ ಬದಲಿಸಿದ. ಕೊನೆಗೆ ಸಿಟ್ಟು ಬಂದು ಫ್ಯೂಸನ್ನೇ ಕಿತ್ತು ಅನೂಪನ ಕೈಗಿಟ್ಟು, “ಈಗ್ ಊದ್ಲಿ ಕಾಂಬ,” ಅಂದ. ಆ ಸಂಜೆ ಫ್ಯೂಸು ಕಿಸೆಯಲ್ಲಿದ್ದ ಹಾಗೇ ಹಾರ್ನು ಊದಿತು. ಆ ತಿರುವಿನಲ್ಲಿ ಮಾತ್ರ. ಬೆಕ್ಕುಗಳು ಅಲ್ಲಿಗೆ ಒಂದೂ ಬರುತ್ತಿರಲಿಲ್ಲ.

ಅನೂಪನಿಗೆ ಅದೆಲ್ಲ ಬೇಕಿರಲಿಲ್ಲ. ಬೇಗ ಬೇಗ ಮಾರಿ ಮುಗಿಸಿ ಬಾವಿಯ ಹತ್ತಿರ ಬಂದು ನಿಲ್ಲುತ್ತಿದ್ದ. ಯಾವ ದೋಣಿಗೆ ಎಷ್ಟು ಮೀನು ಬಿತ್ತು, ಯಾರು ಬೈದರು, ಮುಂಬೈಯಲ್ಲಿ ತಾಯಿಯ ಸುದ್ದಿ ಬಂದಾಗ ತಾನು ಏನು ಮಾಡುತ್ತಿದ್ದೆ... ಎಲ್ಲ ಅವಳಿಗೆ ಹೇಳುತ್ತಿದ್ದ. ಅವಳು ಹೂಂ... ಹೂಂ... ಅನ್ನುತ್ತಿದ್ದಳು. ಮನೆಗೆ ಬಂದರೆ ಹಸಿವೇ ಇರುತ್ತಿರಲಿಲ್ಲ. ಹೊಟ್ಟೆ ತುಂಬಿದ ಹಾಗೆ. ತಿಂಗಳೊಳಗೆ ಬೆಲ್ಟಿಗೆ ಎರಡು ಹೊಸ ತೂತು ಹೊಡೆದ.

ಕತ್ತಲಾದ ಮೇಲೆ ಮೀನು ತಗೊಂಡರೆ ನಮ್ಮ ಹೆಂಗಸರು ಒಂದು ಇದ್ದಿಲು ಚೂರು ಕೇಳಿ ಹಾಕಿಸಿಕೊಳ್ಳುತ್ತಾರೆ. ಹಸಿ ಮೀನಿನ ಹಿಂದೆ ಬರಬಾರದ್ದು ಬರುತ್ತದೆ, ಇದ್ದಿಲಿದ್ದರೆ ಬರುವುದಿಲ್ಲ. ಅನೂಪನೂ ಕಾರಿನಲ್ಲಿ ಗೇರಿನ ಹತ್ತಿರ ಒಂದು ತೊಟ್ಟೆ ಇದ್ದಿಲು ಇಟ್ಟಿದ್ದ. ಒಂದು ಸಂಜೆ ಅದೇ ಅಭ್ಯಾಸದಲ್ಲಿ, ಮಾತಾಡುತ್ತಾ ಮಾತಾಡುತ್ತಾ, ಅವಳ ಬಟ್ಟಲಿಗೂ ಒಂದು ಚೂರು ಹಾಕಲು ಹೋದ.

ಬಟ್ಟಲು ಸರ್ರನೆ ಹಿಂದೆ ಹೋಯಿತು.

“ಅದ್ ಬ್ಯಾಡ ಮಗಾ.”

ಅನೂಪನಿಗೆ ಆ ಗಳಿಗೆಯಲ್ಲಿ ಎಲ್ಲ ಗೊತ್ತಾಯಿತು. ಅಥವಾ ಮೊದಲೇ ಗೊತ್ತಿದ್ದದ್ದನ್ನು ಒಪ್ಪಿಕೊಂಡ.

ಮರುದಿನ ಏನು ಮಾಡಿದ ಹೇಳಿ? ಮಂತ್ರವಾದಿಯ ಹತ್ತಿರ ಹೋದನಾ? ಇಲ್ಲ. ಇದ್ದಿಲಿನ ತೊಟ್ಟೆಯನ್ನು ನೀರಿನ ತೋಡಿಗೆ ಎಸೆದ. ಅವಳು ಬಾರದೆ ಹೋದರೆ ಅಂತ ಹೆದರಿಕೆ! ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು, ಆಮೇಲೆ ನಾಚಿಕೆಯಾಯಿತು. ನಾವು ಇಷ್ಟು ಜನ ಬದುಕಿರುವವರು ಊರಲ್ಲಿದ್ದೂ ಅವನಿಗೆ ಅವಳೇ ಗತಿಯಾದಳಲ್ಲ.

ಕಂಡುಹಿಡಿದವಳು ಜಲಜಕ್ಕ. ಹಾರ್ನು ಕೊಟ್ಟ ಋಣಕ್ಕೆ ಅನೂಪ ಆಗಾಗ ಅವಳ ಮನೆಗೆ ಮೀನು ಕೊಟ್ಟು ಬರುತ್ತಿದ್ದ. ಒಂದು ಮಧ್ಯಾಹ್ನ ಅವನ ಗುಳಿಬಿದ್ದ ಕೆನ್ನೆ ನೋಡಿ, ಕೂರಿಸಿ, ಬಟ್ಟಲಿಗೆ ಅನ್ನ ಬಡಿಸಲು ಹೋದಳು.

“ಬ್ಯಾಡ ಜಲಜಕ್ಕಾ. ಉಂಡೆ.”

“ಎಲ್ಲ್ ಉಂಡದ್?”

ಅವಳ ಸೌಟು ಅಲ್ಲೇ ನಿಂತಿತು.

“ಬಾವಿ ಹತ್ರವಾ?” ಅಂದಳು, ತೀರಾ ಸಣ್ಣ ದನಿಯಲ್ಲಿ. “ನಮ್ಮನಿಯವ್ರೂ ಕಡಿಗ್ ಕಡಿಗೆ ಹೀಂಗೇ ಅಂತಿದ್ರ್. ಉಂಡೆ, ಉಂಡೆ. ಕೇಂಡ್ರೆ ಬಾವಿ ಹತ್ರ ಒಬ್ರ್ ಅಮ್ಮ ಇತ್ರ್, ದಿನಾ ಎರಡ್ ಬೈಗೆ ಮೀನ್ ಕೊಟ್ಟ್ ಬತ್ತೆ ಅಂಬ್ರ್. ಅಲ್ಲ್ ಮನಿಯೇ ಇಲ್ಲೆ ಅಂದ್ರೆ ನೆಗಾಡ್ತ್ರ್. ಜೀವ ಹೋಪತಿಗೆ ಮೈಯಗೆ ಎಂತ ಇತ್ತ್ ಮರಾಯಾ, ಬರೀ ಎಲುಬ್.”

ಅನೂಪ ಎಲ್ಲ ಹೇಳಿದ. ಹೇಳಿ, “ಅವ್ರ್ ನಂಗೆ ಎಂತ ಮಾಡ್ಲಿಲ್ಲೆ ಜಲಜಕ್ಕಾ. ಉಂಡ್ಯಾ ಅಂದ್ ಕೇಂತ್ರ್, ಅಷ್ಟೇ,” ಅಂದ. ಮಂಜಣ್ಣನ ದಾರಿಯಲ್ಲೇ ಇವನೂ ಅರ್ಧ ಹೋಗಿದ್ದಾನೆ ಅಂತ ಜಲಜಕ್ಕನಿಗೆ ಗೊತ್ತಾಯಿತು. ಹಾರ್ನು ಕೊಟ್ಟವಳೂ ತಾನೇ. ಬೈಯಲಿಲ್ಲ. ಸೆರಗಿನ ತುದಿಗೆ ಒಂದು ಇದ್ದಿಲು ಚೂರು ಕಟ್ಟಿಕೊಂಡಳು.

“ಇವತ್ತ್ ನಾನೂ ಬತ್ತೆ.”

ಸಂಜೆ ಕಾರಿನ ಎಡಗಡೆ ಸೀಟಿನಲ್ಲಿ ಕೂತಳು. ಬಾವಿ ಹತ್ತಿರವಾಗುವ ಮೊದಲು ನಿಲ್ಲಿಸು ಅಂದಳು. ಸೆರಗು ಬಿಚ್ಚಿ ಇದ್ದಿಲನ್ನು ಹೊರಗೆ ಎಸೆದಳು.

“ಇದಿದ್ರೆ ಬತ್ತಿಲ್ಲೆ ಅವ್ಳ್. ಬರ್ಲಿ. ನಂಗ್ ಮಾತಾಡ್ಕ್.”

ಎಂಥಾ ಎದೆ ಹೇಳಿ ಆ ಹೆಂಗಸಿನದು!

ತಿರುವು. ಟಿಕ್. ಗುರ್ರ್... ಪೋಂ. ಜಲಜಕ್ಕ ಸೀಟನ್ನು ಗಟ್ಟಿ ಹಿಡಿದಳು. ಅವಳಿಗೆ ಕೇಳಿಸಿದ್ದು ಅದೊಂದೇ. ಕಿಟಕಿಯಲ್ಲಿ ಕತ್ತಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಅನೂಪ ಮಾತ್ರ ಆ ಕಡೆ ತಿರುಗಿ, ಮುಖ ಅರಳಿಸಿ, ಎರಡು ಬಂಗಡೆ ಹೊರಗೆ ನೀಡಿದ್ದ. ಟಪ್... ಟಪ್. ನೆಲಕ್ಕೆ ಬಿದ್ದ ಸದ್ದಲ್ಲ ಅದು.

ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಎತ್ತಿದವಳಲ್ಲ ಜಲಜಕ್ಕ. ಅವತ್ತು ಅನೂಪನ ಮೈಮೇಲಿಂದ ಬಾಗಿ, ಖಾಲಿ ಕಿಟಕಿಗೆ ಹೇಳಿದಳು.

“ಅಮ್ಮಾ... ನಾನ್ ಮಂಜನ ಹೆಂಡ್ತಿ. ಮಂಜ ಇಲ್ಲೆ ಈಗ. ತೀರ್ಕಂಡ್ ಆರ್ ತಿಂಗ್ಳ್ ಕಳೀತ್. ಹಾರ್ನ್ ಅವ್ರದ್ದೇ, ಆದ್ರೆ ಇವ್ನ್ ಬೇರೆ. ಇನ್ನ್ ಕಾಯ್ಬೇಡಿ. ಇವ್ನನ್ ಬಿಟ್ಬಿಡಿ ಅಮ್ಮಾ.”

ಗಾಳಿ ಇಲ್ಲ, ಜೀರುಂಡೆ ಇಲ್ಲ. ಐಸಿನ ಪೆಟ್ಟಿಗೆಯಿಂದ ನೀರು ತೊಟ್... ತೊಟ್... ಅಂತ ತೊಟ್ಟಿಕ್ಕುತ್ತಿತ್ತು.

“ನಂಗ್ ಯಾರೂ ಹೇಳ್ಲಿಲ್ಲೆ,” ಅಂದಳಂತೆ ಅವಳು. ಅನೂಪನಿಗೆ ಮಾತ್ರ ಕೇಳಿತು. ದನಿ ಒಡೆದಿತ್ತಂತೆ. ಬಟ್ಟಲನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಬಗ್ಗಿ, ಅನೂಪನನ್ನು ದಾಟಿ, ಜಲಜಕ್ಕನ ಕಡೆ ನೋಡಿದಳು.

“ನೀ ಉಂಡ್ಯಾ ಮಗಾ?”

ಅನೂಪ ಗೇರು ಹಾಕಿ ಒಂದೇ ಉಸಿರಿಗೆ ಕಾರು ಎಬ್ಬಿಸಿದ. ತನಗೆ ಕೇಳಿದಾಗ ಹೆದರದವನು ಅವತ್ತು ಹೆದರಿದ. ಯಾಕೆಂದರೆ ಜಲಜಕ್ಕನೂ ಮನೆಯಲ್ಲಿ ಒಬ್ಬಳೇ. ಆ ಮಾತನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ ಅವನು. ನೀವೂ ಹೇಳಬೇಡಿ.

ಮೂರು ಫರ್ಲಾಂಗು ಬಂದ ಮೇಲೆ ಕಾರು ನಿಲ್ಲಿಸಿ ಸ್ಟೇರಿಂಗಿಗೆ ತಲೆಯಿಟ್ಟ. “ಹಸಿವಾತ್ತ್ ಜಲಜಕ್ಕಾ,” ಅಂದ. ಆ ರಾತ್ರಿ ಅವಳ ಮನೆಯಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡು ಉಂಡ. ಬಡಿಸುತ್ತಾ ಬಡಿಸುತ್ತಾ ಜಲಜಕ್ಕ ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ರೋಷನ್ ಹಾರ್ನು ಬಿಚ್ಚಿದ. ನನಗೂ ಸುದ್ದಿ ಬಂದಿತ್ತು, ಹೋದೆ. ಹಗಲಲ್ಲಿ ಒಮ್ಮೆ ಜಾಗ ನೋಡೋಣ ಅಂತ ಜಲಜಕ್ಕನೂ ಸೇರಿ ನಾಲ್ವರೂ ಬಾವಿಯ ಹತ್ತಿರ ಹೋದೆವು. ಕಟ್ಟೆಯ ಆಚೆ ಬದಿ, ರಸ್ತೆಗೆ ಕಾಣದ ಕಡೆ, ಬಂಗಡೆ. ಎರಡೆರಡರಂತೆ ಜೋಡಿಸಿ ಇಟ್ಟದ್ದು. ಅನೂಪ ಕೊಟ್ಟದ್ದರಲ್ಲಿ ಒಂದನ್ನೂ ಅವಳು ತಿಂದಿರಲಿಲ್ಲ. ಒಂದು ನೊಣವಿಲ್ಲ, ಒಂದಿಷ್ಟು ನಾತವಿಲ್ಲ. ಮೀನು ಅವಳಿಗೆ ಯಾವತ್ತೂ ಬೇಕಿರಲಿಲ್ಲ ಕಾಣಿ. ದಿನಕ್ಕೊಮ್ಮೆ ಯಾರಾದರೂ ಬರಬೇಕಿತ್ತು, ಅಷ್ಟೇ.

ಸಾಲಿನ ಕೊನೆಯಲ್ಲಿ ಬಂಗಡೆಯಲ್ಲದ್ದು ಎರಡು ಇದ್ದವು. ಬೈಗೆ ಮೀನು, ಅದೇ ಬೂತಾಯಿ. ಅನೂಪ ಗಾಡಿ ಶುರು ಮಾಡಿದ ಮೇಲೆ ಒಂದು ದಿನವೂ ಬೈಗೆ ತಂದವನಲ್ಲ, ರೋಷನ್‌ನನ್ನು ಬೇಕಾದರೆ ಕೇಳಿ. ಜಲಜಕ್ಕ ಬಗ್ಗಿ ಒಂದನ್ನು ಎತ್ತಿಕೊಂಡಳು. ಪೇಟೆಯಲ್ಲಿ ನೋಡುವ ಹಾಗೆ ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದಳು.

ಕೆಂಪಗಿತ್ತು, ಈಗಷ್ಟೇ ದೋಣಿಯಿಂದ ಇಳಿದ ಮೀನಿನ ಹಾಗೆ. ನಾನು ಅಲ್ಲೇ ನಿಂತಿದ್ದೆ.