ಹಬೆ ಎಲ್ಲಿಂದ ಹೊರಗೆ ಹೋಗುತ್ತೆ

ಅಯ್ಯೋ, ಆ ಡಿಸ್ಕ್ ಅಲ್ಲ ಕಣಮ್ಮ, ಅದನ್ನ ಮೊದಲು ನೋಡಬಾರದು! ಇಡು, ಇಡು ಅಲ್ಲೇ. ಅದರಿಂದ ಶುರು ಮಾಡಿದ್ರೆ ಹತ್ತು ನಿಮಿಷಕ್ಕೆ ಆಕಳಿಸಿ ಎದ್ದು ಹೋಗ್ತೀಯ, ಸ್ಟೀಮ್‌ಪಂಕ್ ಅಂದ್ರೆ ಇಷ್ಟೇನಾ ಅಂತ ಮೂಗು ಮುರೀತೀಯ. ಕೂತ್ಕೋ. ಆ ಸ್ಟೂಲ್ ಬೇಡ, ಅದರ ಕಾಲು ಅಲ್ಲಾಡುತ್ತೆ, ಈ ಕಡೆ ಬಾ. ನೋಟ್‌ಬುಕ್ ತಂದಿದ್ದೀಯಲ್ಲ, ಬರ್ಕೋ. ಇವತ್ತು ಶುಕ್ರವಾರ, ಸೋಮವಾರ ನೀನು ಸಿನಿಮಾ ಕೆಲಸಕ್ಕೆ ಹೋಗಬೇಕು. ಅಷ್ಟರಲ್ಲಿ ನಾಲ್ಕು ಸಿನಿಮಾ, ಒಂದು ಕಾದಂಬರಿ. ಆಗುತ್ತೆ, ಯಾಕಾಗಲ್ಲ?

ನೋಡು, ನಿಮ್ಮಪ್ಪ ಇದ್ದಿದ್ರೆ ಅವನೇ ಹೇಳ್ತಿದ್ದ. ಅವನಿಲ್ಲ, ನಾನು ಹೇಳ್ತೀನಿ. ಚಿಕ್ಕಪ್ಪ ಚಿಕ್ಕಪ್ಪ ಅಂತ ಕರೆದಿದ್ದೀಯ ಇಷ್ಟು ವರ್ಷ, ರಕ್ತಸಂಬಂಧ ಇಲ್ಲದಿದ್ರೆ ಏನಂತೆ? ಹದಿನಾಲ್ಕು ವರ್ಷ ಅವನೂ ನಾನೂ ಒಂದೇ ಡಬ್ಬಿಯಲ್ಲಿ ಉಂಡಿದ್ದೀವಿ. ಅವನು ಬಾಯ್ಲರ್, ನಾನು ಬಾಯ್ಲರಿನ ಮೇಲಿನ ಸಿಂಗಾರ. ಸಿನಿಮಾದವರು ನಮ್ಮಿಬ್ಬರನ್ನ ಒಟ್ಟಿಗೇ ಕರೀತಿದ್ರು, ಗಂಡ ಹೆಂಡತಿ ಅಂತ ಆಡ್ಕೊಳ್ತಿದ್ರು... ಏನು? ಒಂಚೂರು ನಗಬಾರದಾ? ಮೊದಲೆಲ್ಲಾ ಈ ಮಾತಿಗೆ ನಗ್ತಿದ್ದೆ.

ಸರಿ. ಮೊದಲು ಇದು ಏನು ಅಂತ ತಿಳ್ಕೋ. ಕರೆಂಟು, ಪೆಟ್ರೋಲು ಯಾವುದೂ ತಲೆ ಎತ್ತಲಿಲ್ಲ, ಹಬೆಯೇ ಗೆದ್ದುಬಿಡ್ತು ಅಂತ ಅಂದ್ಕೋ. ಎಲ್ಲದಕ್ಕೂ ಬಾಯ್ಲರು! ಹಾರೋದಕ್ಕೆ ಬಾಯ್ಲರು, ಬರೆಯೋದಕ್ಕೆ ಬಾಯ್ಲರು, ಅಂಗಿ ಗುಂಡಿ ಹಾಕ್ಕೊಳ್ಳೋದಕ್ಕೂ ಒಂದು ಪುಟಾಣಿ ಬಾಯ್ಲರು. ಆಗ ಜನ ಹೇಗೆ ಬದುಕ್ತಿದ್ರು, ಯಾರು ಕಲ್ಲಿದ್ದಲು ಹಾಕ್ತಿದ್ರು, ಯಾರು ಮೇಲೆ ಕೂತು ಹಾರ್ತಿದ್ರು... ಅದು ಕತೆ. ಅದು ಬಿಟ್ಟು ಟೋಪಿಗೆ ನಾಲ್ಕು ಹಲ್ಲುಚಕ್ರ ಅಂಟಿಸಿದ್ರೆ ಆಯ್ತು ಅಂದ್ಕೊಂಡಿದ್ದಾರೆ! ಮೈ ಉರಿಯುತ್ತೆ ನನಗೆ. ನಾನೇ ಅಂಟಿಸಿಕೊಟ್ಟಿದ್ದೀನಿ, ಆ ಮಾತು ಬೇರೆ. ಒಂದು ಸಿನಿಮಾಕ್ಕೆ ಇನ್ನೂರು ಟೋಪಿ. ಹೊಟ್ಟೆಪಾಡು.

ಒಳ್ಳೇದು ಯಾವುದು, ಬೊಗಳೆ ಯಾವುದು ಅಂತ ಹೇಗೆ ಗುರುತು ಹಿಡೀತೀಯ? ಒಂದೇ ಪ್ರಶ್ನೆ ಕೇಳು. ಹಬೆ ಎಲ್ಲಿಂದ ಬರುತ್ತೆ, ಎಲ್ಲಿಂದ ಹೊರಗೆ ಹೋಗುತ್ತೆ? ಅಷ್ಟೇ. ಯಂತ್ರ ಕಂಡ ತಕ್ಷಣ ಇದನ್ನ ಕೇಳ್ಕೋ. ಉತ್ತರ ತೆರೆಯ ಮೇಲೆ ಸಿಕ್ಕಿದ್ರೆ, ಮಾಡಿದವನಿಗೆ ಕೆಲಸ ಗೊತ್ತು. ಸಿಗದಿದ್ರೆ... ಹೂಂ, ಹೂಂ, ಗೊತ್ತು ನಿನಗೆ. ಇದು ನನ್ನ ಪ್ರಶ್ನೆ ಅಲ್ಲ, ನಿಮ್ಮಪ್ಪಂದು. ನಿನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಟೀವಿ ನೋಡ್ತಾ ಕೇಳ್ತಿದ್ದ. ನೀನು ಬೆರಳು ಮಾಡಿ ಚಿಮಣಿ ತೋರಿಸ್ತಿದ್ದೆ. ನೆನಪಿದೆಯಾ? ಇದೆ. ಇರಲೇಬೇಕು.

ಬರ್ಕೋ, ಒಂದು. 'ಹಾರುವ ಅಂಚೆ'. ಒಬ್ಬಳು ಅಂಚೆಯವಳು, ಹಬೆ ಸೈಕಲ್ಲು, ಅದರ ಮೇಲೊಂದು ಬಲೂನು. ಬೆಟ್ಟದ ತುದಿಯ ಮನೆಗಳಿಗೆ ಕಾಗದ ಕೊಡೋದು. ಯುದ್ಧ ಇಲ್ಲ, ಖಳನಾಯಕ ಇಲ್ಲ. ಹೊಸಬರು ಇದರಿಂದಲೇ ಶುರು ಮಾಡಬೇಕು. ನೀರು ಮುಗಿದಾಗ ಅವಳು ಮೋಡದೊಳಕ್ಕೆ ಹೋಗಿ ಬಟ್ಟೆ ಹರಡಿ ಹಿಂಡ್ಕೊಳ್ತಾಳೆ ನೋಡು... ಅಲ್ಲಿ ನಾನು ಪ್ರತಿ ಸಲ ಅಳ್ತೀನಿ. ಎರಡು, 'ತಾಮ್ರದ ಕೈ'. ಸೂಲಗಿತ್ತಿ ಒಬ್ಬಳ ಕೈ ಕಾರ್ಖಾನೆಯಲ್ಲಿ ಹೋಗಿರುತ್ತೆ, ತಾಮ್ರದ ಕೈ ಹಾಕಿಸ್ಕೊಳ್ತಾಳೆ. ಅದು ಬಿಸಿ. ಹಸುಗೂಸನ್ನ ಹೇಗೆ ಹಿಡೀಬೇಕು? ಇಡೀ ಸಿನಿಮಾ ಇಷ್ಟೇ! ಬರೀ ಆ ಕೈ ಮಾಡೋದಕ್ಕೆ ಐದು ತಿಂಗಳು ಹಿಡೀತು ನನಗೆ. ಮೂರು, 'ಉಗಿರಾಜ'. ಅದನ್ನ, ಸಿನಿಮಾ ಹೇಗೆ ಮಾಡಬಾರದು ಅಂತ ತಿಳಿಯೋದಕ್ಕೆ ನೋಡು. ಇನ್ನೂರು ಟೋಪಿ ಅದರದ್ದೇ. ಆಮೇಲೆ ಕಾದಂಬರಿ, 'ಮಡಿಚುವ ಸೇತುವೆ'. ದಿನಾ ಸಂಜೆ ಸೇತುವೆ ಮಡಿಚಿ ಇಡೋ ಕೆಲಸದವಳೊಬ್ಬಳು. ಒಂದು ಸಂಜೆ ಮೇಲೆ ಯಾರೋ ಇದ್ದಾರೆ ಅಂತ ನೋಡದೇ ಮಡಿಚಿಬಿಡ್ತಾಳೆ. ಯಾರಿಗೂ ಗೊತ್ತಾಗಲ್ಲ. ಮಾರನೇ ದಿನ ಮತ್ತೆ ಕೆಲಸಕ್ಕೆ ಬರ್ತಾಳೆ, ಅದರ ಮಾರನೇ ದಿನವೂ...

ಅದನ್ನ ಓದಬೇಡ ಬಿಡು. ಉದ್ದ ಜಾಸ್ತಿ. ಹೊಡೆದು ಹಾಕು.

ಏಯ್, ಆ ತಂತಿ ಬಿಡು, ಕೈಗೆ ಚುಚ್ಚುತ್ತೆ! ಸುಮ್ನೆ ಕೂರೋಕೆ ಬರಲ್ಲ ನಿನಗೆ. ನೋಡು, ನೋಡು, ಮತ್ತೆ ಎಡಕ್ಕೇ ತಿರುಚ್ತಾ ಇದ್ದೀಯ. ನಾನು ಎಡಚ, ಎಡಕ್ಕೆ ತಿರುಚ್ತೀನಿ. ಬಲಗೈಯವಳು ನಿನಗೇನು ಬಂತು? ನನ್ನಿಂದ ಕಲಿತು ಕೆಟ್ಟೆ. ತುದೀನೂ ನನ್ನ ಹಾಗೇ ಬಸವನಹುಳು ಥರ ಸುತ್ತಿದ್ದೀಯ. ಸೋಮವಾರ ಅಲ್ಲಿ ಯಾರಾದ್ರೂ ನೋಡಿದ್ರೆ ಒಂದೇ ಮಾತಿಗೆ ಹೇಳ್ತಾರೆ, ಇವಳು ಆ ಹಿತ್ತಾಳೆಯವನ ಶಿಷ್ಯೆ ಅಂತ. ಈ ಕಸುಬಿನಲ್ಲಿ ಹೀಗೆ ತಂತಿ ಕಟ್ಟೋನು ಇನ್ನೊಬ್ಬನಿಲ್ಲ.

ಯಾಕೆ ಹಾಗೆ ನೋಡ್ತೀಯ?

ನಿಮ್ಮಮ್ಮ ಒಪ್ಪಿದ್ಲಾ ನೀನು ಕೆಲಸಕ್ಕೆ ಹೋಗೋದಕ್ಕೆ? ಇಲ್ಲ ತಾನೆ. ನನಗ್ಗೊತ್ತು. ಅವಳನ್ನ ಏನೂ ಅನ್ನಬೇಡ. ಹನ್ನೊಂದು ವರ್ಷದಿಂದ ಗಂಡನ ಫೋಟೋ ಕೂಡ ಗೋಡೆಗೆ ಹಾಕಿಲ್ಲ ಅವಳು. ಬಾಯ್ಲರ್ ಮುಂದೆ ನಿದ್ದೆ ಹೊಡೆದ, ಅದು ಸಿಡಿದು ಸತ್ತ, ನಮ್ಮ ಹಣೆಬರಹ ಸುಟ್ಟು ಹೋದ ಅಂತಾಳೆ. ಪ್ರತಿ ಭಾನುವಾರ ಅಂತಾಳೆ. ನಾನು ಕೂತು ಕೇಳಿಸ್ಕೊಳ್ತೀನಿ, ಟೀ ಕುಡೀತೀನಿ, ಬರ್ತೀನಿ.

ಯಾಕೆ ಎದ್ದೆ? ಹೊರಟೆಯಾ? ನಾಲ್ಕನೇದು ಇನ್ನೂ ಹೇಳಿಲ್ಲ... ಓ, ಪ್ಲೇಯರ್ ಹಾಕ್ತೀಯಾ? ಹಾಕು, 'ಹಾರುವ ಅಂಚೆ' ಹಾಕು, ಮೊದಲ ಹತ್ತು ನಿಮಿಷ ನೋಡೋಣ. ಅಲ್ಲ, ಅದಲ್ಲ, ಅದು ಬೇಡ ಅಂದೆನಲ್ಲ! ಮಡಿಲಲ್ಲೇ ಇಟ್ಕೊಂಡಿದ್ದೆಯಾ ಇಷ್ಟು ಹೊತ್ತೂ? ಆ ಡಿಸ್ಕ್ ಸರಿ ಇಲ್ಲ, ಗೀಚಿದೆ. ಓಡಲ್ಲ.

...ಓಡ್ತಾ ಇದೆ.

ಸರಿ, ನೋಡು. ನೋಡ್ಕೋ. ನಿಮ್ಮಪ್ಪನ ಕೊನೇ ಸಿನಿಮಾ ಅಂತ ಆಸೆ ಇರುತ್ತೆ. ನಾನು ಒಂದು ಸಲವೂ ನೋಡಿಲ್ಲ ಕಣೇ, ಆಣೆ ಮಾಡಿ ಹೇಳ್ತೀನಿ. ಎಲ್ಲಾ ಅಸಲಿ ಹಬೆ ಇದರಲ್ಲಿ. ಹೊಗೆ ಮೆಷಿನ್ನಿನ ಹೊಗೆ ನೆಲ ಹಿಡಿದು ಮಲಗುತ್ತೆ, ಅಸಲಿ ಹಬೆ ಮೇಲಕ್ಕೆ ಏಳುತ್ತೆ ಅಂತ ಡೈರೆಕ್ಟರು ಹಟ ಹಿಡಿದಿದ್ರು. ಯಾಕೆ ಮುಂದಕ್ಕೆ ಓಡಿಸ್ತೀಯ? ಕತೆ ಗೊತ್ತಾಗಬೇಡವಾ? ಏನು ಹುಡುಕ್ತಾ ಇದ್ದೀಯ?

ನಿಲ್ಲಿಸಿದೆ ಯಾಕೆ?

ಹೀರೋಯಿನ್ನು. ಹೂಂ. ಸನ್ನೆಕೋಲು ಎಳೀತಾ ಇದ್ದಾಳೆ. ಚೆನ್ನಾಗಿ ಬಂದಿದೆ. ಹಿಂದೆ ಇರೋ ಡಯಲ್ ನಂದೇ. ಬಾಯ್ಲರಿಂದು ಅಸಲಿ ಮೀಟರು ಇತ್ತು, ಅದು ನೋಡೋಕೆ ಪೇಲವ ಅಂತ ಅದರ ಮುಂದೆ ನನ್ನ ಹಿತ್ತಾಳೆ ಡಯಲ್ ಕೂರಿಸಿದ್ರು. ಮುಳ್ಳು ಬರೀ ಬಣ್ಣ. ನಿಮ್ಮಪ್ಪ ಬೈದ. ಆಮೇಲೆ ಹೋಗಲಿ ಬಿಡು, ನನಗೆ ಕಿವಿ ಇದೆಯಲ್ಲ ಅಂದ. ಒತ್ತಡ ಜಾಸ್ತಿ ಆದ್ರೆ ಮೇಲಿನ ವಾಲ್ವ್ ಸೀಟಿ ಹೊಡೆಯುತ್ತೆ, ಆ ಸೀಟಿ ಸಾಕು ಅವನಿಗೆ. ಬಾಯ್ಲರ್ ಪಕ್ಕ ಕೂತು ಕಣ್ಣು ಮುಚ್ಕೊಂಡು ಕೇಳಿಸ್ಕೊಳ್ತಿದ್ದ. ಕಣ್ಣು ಮುಚ್ಕೊಂಡೇ...

ಟೀವಿ ಆರಿಸು ಮಗಳೇ. ಕಣ್ಣು ಉರೀತಿದೆ ನನಗೆ.

ಆರಿಸಲ್ವಾ.

ಬೆರಳು ಯಾಕೆ ಇಡ್ತೀಯ ಅಲ್ಲಿ? ಅದು... ಅದು ವಾಲ್ವ್. ಹೂಂ, ಹಬೆ ಹೊರಗೆ ಹೋಗೋದು ಅಲ್ಲಿಂದಲೇ. ಅದೇ ದಾರಿ. ಅದರ ಮೇಲೆ ಹೊಳೀತಾ ಇರೋದಾ? ಅಲಂಕಾರ ಇರಬೇಕು. ಎಲ್ಲರೂ ಅಲಂಕಾರ ಅಂತಲೇ... ಹನ್ನೊಂದು ವರ್ಷ ಊರೆಲ್ಲಾ ನೋಡಿದೆ ಈ ಸಿನಿಮಾನ, ಒಬ್ಬರೂ ಕೇಳಲಿಲ್ಲ.

ಆ ತಂತಿ ನನ್ನ ಮುಂದೆ ಇಡಬೇಡ. ನೀನು ಸುತ್ತಿದ್ದು, ಗೊತ್ತು. ಎಡಕ್ಕೆ. ತುದಿ ಬಸವನಹುಳು. ಅಲ್ಲೂ ಹಾಗೇ ಇದೆ ಅಂತೀಯ. ಬಾಯಿ ಬಿಟ್ಟು ಅನ್ನೋದೂ ಇಲ್ಲವಲ್ಲೇ ನೀನು! ಅನ್ನು! ಏನಾದ್ರೂ ಅನ್ನು!

...ಊಟಕ್ಕೆ ಹೋಗಿದ್ದ ಅವನು. ನಾನು ಬರೋವರೆಗೆ ಯಾರೂ ಮುಟ್ಟಬೇಡಿ ಅಂದಿದ್ದ. ಇವರಿಗೆ ತಾಳ್ಮೆ ಎಲ್ಲಿ? ಹೀರೋಯಿನ್ನು ಮಾತು ಶುರು ಮಾಡಿದ ತಕ್ಷಣ ವಾಲ್ವ್ ಸೀಟಿ. ಮತ್ತೆ ಶುರು, ಮತ್ತೆ ಸೀಟಿ. ಸೌಂಡಿನವನು ಮೂರು ಸಲ ಹೆಡ್‌ಫೋನ್ ಕಿತ್ತು ಎಸೆದ. ಎಲ್ಲರೂ ನನ್ನ ಮುಖ ನೋಡಿದ್ರು. ನಾನು... ಒಂದು ಟೇಕ್‌ಗೆ ಅಂತ ವಾಲ್ವ್‌ಗೆ ತಂತಿ ಕಟ್ಟಿದೆ. ಒಂದೇ ಒಂದು ಟೇಕ್. ಮುಗಿದ ತಕ್ಷಣ ಕತ್ತರಿಸೋಣ ಅಂತ ಕಟರ್ ಜೇಬಲ್ಲೇ ಇಟ್ಕೊಂಡಿದ್ದೆ. ಟೇಕ್ ಓಕೆ ಆಯ್ತು, ಎಲ್ಲಾ ಚಪ್ಪಾಳೆ ಹೊಡೆದ್ರು, ಅವಳ ಮುಖವಾಡದ ಕೊಂಡಿ ಸಿಕ್ಕಿ ಹಾಕ್ಕೊಂಡಿದೆ ಬಾ ಅಂತ ಕರೆದ್ರು... ಹೋದೆ. ಕೊಂಡಿ ಬಿಡಿಸ್ತಾ ಇದ್ದೆ. ಅವನು ಊಟ ಮುಗಿಸಿ ಬಂದು ಬಾಯ್ಲರ್ ಪಕ್ಕ ಕೂತಿದ್ದು ಅಲ್ಲಿಂದಲೇ ಕಾಣಿಸ್ತು ನನಗೆ. ಕಣ್ಣು ಮುಚ್ಚಿದ. ಸೀಟಿಗೆ ಕಾಯ್ತಾ ಇದ್ದ ಕಣೇ ಅವನು. ಸೀಟಿ ಎಲ್ಲಿಂದ ಬರಬೇಕು?

ನಿದ್ದೆ ಮಾಡಲಿಲ್ಲ ನಿಮ್ಮಪ್ಪ. ಒಂದು ನಿಮಿಷವೂ ಮಾಡಲಿಲ್ಲ.

ವಿಚಾರಣೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದ ಅಂದ್ರು. ಅವರಿಗೇನು ಗೊತ್ತು ಪಾಪ, ನೋಡಿದ್ದು ಹೇಳಿದ್ರು. 'ನಿಮಗೆ ಅವರ ರೀತಿ ಗೊತ್ತಲ್ಲ, ನಿದ್ದೆ ಮಾಡ್ತಿದ್ರಾ?' ಅಂತ ನನ್ನನ್ನ ಬೇರೆಯಾಗಿ ಕೇಳಿದ್ರು. ಇರಬಹುದು ಅಂದೆ. ಇಷ್ಟೇ ಅಂದಿದ್ದು. ಇರಬಹುದು. ಕಟರ್ ಇನ್ನೂ ಜೇಬಲ್ಲೇ ಇತ್ತು.

ಆಮೇಲೆ ನಿನಗೆ ಅರ ಹಿಡಿದು ಉಜ್ಜೋದು ಕಲಿಸಿದೆ, ಬೆಸುಗೆ ಕಲಿಸಿದೆ, ಸ್ಕೂಲಿಗೆ ಬಿಟ್ಟು ಬಂದೆ, ಜ್ವರ ಬಂದಾಗ ಎತ್ಕೊಂಡು ಓಡಿದೆ. ಅದರಿಂದ ಸರಿ ಹೋಯ್ತು ಅಂತಲ್ಲ. ಸರಿ ಹೋಗಲಿ ಅಂತ... ಛೇ, ಏನೋ ಹೇಳ್ತಾ ಇದ್ದೀನಿ. ಬಿಡು.

ಸೋಮವಾರ ಅಲ್ಲೂ ಅಸಲಿ ಬಾಯ್ಲರ್ ಅಂತೆ ತಾನೆ? ಅವರೂ ಹೇಳ್ತಾರೆ ನೋಡು, ಸದ್ದು ಬರ್ತಿದೆ, ಒಂದು ಟೇಕ್‌ಗೆ ಕಟ್ಟಮ್ಮ ಅಂತ. ಕಟ್ಟಬೇಡ. ಕೆಲಸ ಹೋದ್ರೂ ಕಟ್ಟಬೇಡ. ಅದನ್ನ ಬರ್ಕೋ, ಸಿನಿಮಾ ಹೆಸರೆಲ್ಲಾ ಹಾಳಾಗಿ ಹೋಗಲಿ. ಎಲ್ಲಿ, ಕೊಡು ನೋಟ್‌ಬುಕ್, ನಾನೇ ಬರೆದು ಕೊಡ್ತೀನಿ...

ಇದೇನು? ಒಂದೂ ಬರ್ಕೊಂಡಿಲ್ಲವಲ್ಲೇ. ಅಂಚೆ ಇಲ್ಲ, ತಾಮ್ರದ ಕೈ ಇಲ್ಲ. ಮೇಲೆ ಒಂದೇ ಸಾಲು. 'ಡಿಸ್ಕ್‌ನಲ್ಲಿ ಒಂದು ಗಂಟೆ ಹನ್ನೆರಡನೇ ನಿಮಿಷ, ಅಮ್ಮನಿಗೆ ಯಾರು ಹೇಳೋದು?' ತಾರೀಖು... ಹೋದ ತಿಂಗಳದ್ದು. ಒಂದು ತಿಂಗಳಿಂದ ಗೊತ್ತಿತ್ತಾ? ನಾಲ್ಕು ಭಾನುವಾರ ನನ್ನ ಎದುರಿಗೇ ಕೂತು ಟೀ ಕುಡಿದೆಯಾ ನೀನು? ಸಿನಿಮಾ ಹೆಸರು ಕೇಳೋಕೆ ಬಂದಿದ್ದಲ್ಲ ಇವತ್ತು. ನಾನಾಗೇ ಬಾಯಿ ಬಿಡ್ತೀನಾ ಅಂತ ನೋಡೋಕೆ ಬಂದೆ.

ಅವಳಿಗೆ ಇನ್ನೂ ಹೇಳಿಲ್ಲ ತಾನೆ?

ಮನೆಯಲ್ಲಿದ್ದಾಳಾ ಈಗ?

ಸರಿ. ಆ ಡಿಸ್ಕ್ ತೆಗೆದುಕೋ. ತಂತಿ ಬೇಡ, ತಂತಿ ನಾನೇ ಇಟ್ಕೊಳ್ತೀನಿ. ಚಪ್ಪಲಿ ಎಲ್ಲಿ ಬಿಟ್ಟೆ ನಾನು... ಇಲ್ಲೇ ಇದೆ. ನೀನು ಮುಂದೆ ನಡಿ ಮಗಳೇ, ಹಿಂದೆ ತಿರುಗಿ ನೋಡಬೇಡ, ಬರ್ತೀನಿ. ಬಾಗಿಲು ಮಾತ್ರ ನೀನೇ ತಟ್ಟಬೇಕು.