ಬರಿಗೈಲಿ ನಡೆಯುವುದು

ಅರಸೀಕೆರೆಯ ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಹಾರನಹಳ್ಳಿ ಕಡೆಯ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಾಕೆ ಮಂಡಿ ನೀವಿಕೊಳ್ಳುತ್ತಿದ್ದಳು. ಕಿರಿಯಾಕೆ ಕೇಳಿದಳು.

"ಗೌರಕ್ಕ, ದಿನಾ ಒಂಚೂರು ಹೊತ್ತು ಬಿರಬಿರನೆ ನಡೆದ್ರೆ ಸುಸ್ತು ಕಮ್ಮಿ ಆಯ್ತದೆ ಅಂದಿದ್ರಲ್ಲ ಡಾಕ್ಟ್ರು, ನಡೀತಿದ್ದೀಯಾ?"

"ನಡೀತೀನಿ. ಮೊದ್ಲು ಕಮ್ಮೀನೇ ಆಗಿತ್ತು."

"ಈಗ?"

"ಬರಿಗೈಲಿ ಹೋದ್ರೆ ಸಿಕ್ಕಿದೋರೆಲ್ಲ ಎಲ್ಗೆ ಅಂತಾರೆ. ಸುಮ್ನೆ ನಡೀತಿದ್ದೀನಿ ಅಂದ್ರೆ ನಗ್ತಾರೆ. ನೀರಿಗೆ ಹೊಂಟವ್ಳೆ ಅನ್ಕಳ್ಲಿ ಅಂತ ಕೊಡ ಹಿಡ್ಕೊಂಡೆ."

"ಒಳ್ಳೇದಾಯ್ತಲ್ಲ."

"ಖಾಲಿ ಕೊಡ ಎದುರಿಗೆ ತಂದೆ ಅಂತ ಜವರಯ್ಯ ಸಂತೆಗೆ ಹೊಂಟಿದ್ದೋನು ವಾಪಸ್ ಮನೆಗೆ ಹೋದ."

"ಆಮೇಲೆ?"

"ಈಗ ಮನೇಲೇ ನೀರು ತುಂಬ್ಕೊಂಡು ಹೋಯ್ತೀನಿ. ಹಂಗೇ ಹೊತ್ಕೊಂಡು ಬತ್ತೀನಿ."

"ಈ ಮಂಡೀಲಾ?"

"ತುಂಬಿದ ಕೊಡಕ್ಕೆ ಯಾರೂ ಏನೂ ಅನ್ನಲ್ಲ."

"ಇವತ್ತು ಡಾಕ್ಟ್ರಿಗೆ ಹೇಳಕ್ಕ."

"ಅವ್ರು ನಡೀತಿದ್ದೀರಾ ಅಂತ ಕೇಳ್ತಾರೆ. ಹೂಂ ಅಂತೀನಿ."

ಒಳಗಿನಿಂದ ಹೆಸರು ಕೂಗಿದರು. ಕಿರಿಯಾಕೆ ಚೀಲಕ್ಕೆ ಕೈ ಚಾಚಿದಳು. ಗೌರಕ್ಕ ಅದನ್ನು ತಾನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಒಳಗೆ ಹೋದಳು.